ಸತ್ತವಳ ಹೆಸರಿನ ತೆರಿಗೆ

ಗಂಜಿಯಮ್ಮನ ಲಾಂಡ್ರಿಯಲ್ಲಿ ಒಬ್ಬ ಹೆಂಗಸು ಸತ್ತ ಮೇಲೂ ಏಳು ವರ್ಷ ತಪ್ಪದೆ ತೆರಿಗೆ ಕಟ್ಟಿದಳು. ಬದುಕಿದ್ದವರೇ ಕಟ್ಟಲು ಮೀನಮೇಷ ಎಣಿಸುವ ಕಾಲದಲ್ಲಿ ಇದು ದೊಡ್ಡ ಸಂಗತಿಯೇ. ಆದರೆ ಅದನ್ನು ನೆನೆದು ನಗುವ ಸ್ಥಿತಿಯಲ್ಲಿ ಈಗ ಯಾರೂ ಇಲ್ಲ, ಗಂಜಿಯಮ್ಮನಂತೂ ಇಲ್ಲವೇ ಇಲ್ಲ.

ಗಂಜಿಯಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬಟ್ಟೆಗೆ ಗಂಜಿ ಹಾಕುವ ಕಸುಬು ಒಂದು ಕಾರಣ, ಅವಳ ಸ್ವಭಾವ ಇನ್ನೊಂದು. ವಯಸ್ಸು ಐವತ್ತೆಂಟಾದರೂ ಮಾತು ಮೆತ್ತಗಾಗಿರಲಿಲ್ಲ. ಕೆಲಸದವರು ಎದುರಿಗೆ ‘ಅಮ್ಮಾ’ ಎನ್ನುತ್ತಿದ್ದರು, ಬೆನ್ನ ಹಿಂದೆ ಗಂಜಿಯಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಒಂದಿಷ್ಟು ಹೆಮ್ಮೆಯೂ ಇತ್ತು.

ಲಾಂಡ್ರಿ ಇದ್ದದ್ದು ದೊಡ್ಡ ರಸ್ತೆಯ ಹಿಂದಿನ ಗಲ್ಲಿಯಲ್ಲಿ, ತಗಡಿನ ಚಾವಣಿಯ ಉದ್ದನೆಯ ಶೆಡ್ಡಿನಲ್ಲಿ. ಬಾಗಿಲ ಬಳಿ ಒಗೆಯುವ ಡ್ರಮ್ಮುಗಳು, ಹಿಂದುಗಡೆ ಬಾಯ್ಲರು, ನಡುವೆ ರೋಲರು. ರೋಲರು ಎಂದರೆ ಆಳುದ್ದದ ಕಬ್ಬಿಣದ ಉರುಳೆ, ಒಳಗೆ ಹಬೆ ತುಂಬಿ ಕಾದಿರುತ್ತದೆ. ಒದ್ದೆ ಹಾಸಿಗೆ ಬಟ್ಟೆಯ ಎರಡು ಮೂಲೆಗಳನ್ನು ಇಬ್ಬರು ಹಿಡಿದು ಅದರ ಬಾಯಿಗೆ ಕೊಟ್ಟರೆ ಆ ಕಡೆಯಿಂದ ಇಸ್ತ್ರಿಯಾಗಿ, ಬಿಸಿಯಾಗಿ, ಗರಿಗರಿಯಾಗಿ ಹೊರಗೆ ಬರುತ್ತದೆ. ದೊಡ್ಡಾಸ್ಪತ್ರೆಯದು, ನಾಲ್ಕು ವಸತಿಗೃಹಗಳದು ಸೇರಿ ದಿನಕ್ಕೆ ಆರುನೂರು ಹಾಸು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಯಾರಾದರೂ ಬುದ್ಧಿ ಹೇಳಲು ಬಂದರೆ, “ಹಾಸಿಗೆಗೇನು ಬರ, ದಿನಾ ಆರುನೂರು ಇದೆ. ಕಾಲು ಚಾಚೋಕೆ ಪುರುಸೊತ್ತಿಲ್ಲ ಅಷ್ಟೇ” ಎನ್ನುತ್ತಿದ್ದಳು.

ಈ ಲಾಂಡ್ರಿ ಅವಳ ಕೈಗೆ ಬಂದದ್ದು ಗಂಡ ಸತ್ತ ಮೇಲೆ. ಅವನು ಕೆಟ್ಟವನೇನಲ್ಲ, ಆದರೆ ನಾಳೆ ಎನ್ನುವ ಮಾತು ಅವನ ಬಾಯಲ್ಲಿ ಸದಾ ಸಿದ್ಧವಿರುತ್ತಿತ್ತು. ಕೆಲಸಕ್ಕೆ ಜನ ಇಟ್ಟುಕೊಂಡವರು ತಿಂಗಳು ತಿಂಗಳು ಅವರ ಸಂಬಳದಲ್ಲಿ ಒಂದು ಪಾಲು ಹಿಡಿದು, ತಮ್ಮ ಕೈಯಿಂದ ಅಷ್ಟನ್ನೇ ಸೇರಿಸಿ, ಒಬ್ಬೊಬ್ಬರ ನಂಬರಿಗೆ ರಾಜ್ಯದ ತೆರಿಗೆ ಕಚೇರಿಗೆ ತುಂಬಬೇಕು. ಮೂರು ತಿಂಗಳಿಗೊಮ್ಮೆ ಹೆಸರಿನ ಪಟ್ಟಿ ಕೊಡಬೇಕು. ಆ ನಂಬರಿನ ಮೇಲೆಯೇ ಕೆಲಸದವರಿಗೆ ಆಸ್ಪತ್ರೆ, ಏಟು ಬಿದ್ದರೆ ಪಿಂಚಣಿ, ಮುಪ್ಪಿಗೆ ನಾಲ್ಕು ಕಾಸು. ಗಂಡ ಹಿಡಿಯುವುದನ್ನು ಮಾತ್ರ ಸರಿಯಾಗಿ ಹಿಡಿದ, ತುಂಬುವುದನ್ನು ನಾಳೆಗೆ ಬಿಟ್ಟ. ಒಂದು ದಿನ ಕಚೇರಿಯವರು ಬಂದು ಬಾಗಿಲಿಗೆ ಬೀಗ ಹಾಕಿ ಮೊಹರು ಒತ್ತಿದರು. ನಲವತ್ತು ದಿನ. ಒಳಗೆ ಒದ್ದೆ ಬಟ್ಟೆಗಳು ಬೂಷ್ಟು ಹಿಡಿದು ಗಲ್ಲಿಯವರೆಲ್ಲ ಮೂಗು ಮುಚ್ಚಿಕೊಂಡು ಓಡಾಡಿದರು. ಬೀಗ ತೆಗೆಸುವಷ್ಟರಲ್ಲಿ ಗಂಡ ಹಾಸಿಗೆ ಹಿಡಿದಿದ್ದ, ವರ್ಷ ತುಂಬುವುದರೊಳಗೆ ಹೋದ.

ಅಂದಿನಿಂದ ಗಂಜಿಯಮ್ಮ ತೆರಿಗೆಯ ವಿಷಯದಲ್ಲಿ ಯಾರ ಮಾತನ್ನೂ ಕೇಳಲಿಲ್ಲ. ಪ್ರತಿ ತಿಂಗಳು ಐದನೆಯ ತಾರೀಕು ಬೆಳಗ್ಗೆ ಕಚೇರಿಯ ಕಿಟಕಿ ತೆರೆಯುವ ಮುಂಚೆ ಅವಳು ಸಾಲಿನಲ್ಲಿ ಇರುತ್ತಿದ್ದಳು. “ಈ ದುಡ್ಡು ನಮ್ಮದಲ್ಲ. ನಾಲ್ಕು ದಿನ ಇದ್ದು ಹೋಗೋ ನೆಂಟ” ಎನ್ನುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ದಿನ ತಡವಾಗಲಿಲ್ಲ, ಒಂದು ಪೈಸೆ ಕಡಿಮೆಯಾಗಲಿಲ್ಲ. ಮೊತ್ತ ಸರಿ, ತಾರೀಕು ಸರಿ. ಎಡವಿದ್ದು ಹೆಸರಿನಲ್ಲಿ.

ಆ ಲಾಂಡ್ರಿಯಲ್ಲಿ ಮೊದಲಿನಿಂದಲೂ ಒಂದು ರೂಢಿ ಇತ್ತು. ಕೆಲಸ ಆಳಿಗೆ ಸೇರಿದ್ದಲ್ಲ, ಮನೆಗೆ ಸೇರಿದ್ದು. ಡ್ರಮ್ಮಿನ ಜಾಗ ಒಂದು ಮನೆಯದು, ಮಡಚುವ ಮೇಜು ಇನ್ನೊಂದು ಮನೆಯದು. ಒಬ್ಬರಿಗೆ ಹುಷಾರಿಲ್ಲದಿದ್ದರೆ ಅದೇ ಮನೆಯಿಂದ ಮತ್ತೊಬ್ಬರು ಬಂದು ನಿಲ್ಲುತ್ತಿದ್ದರು, ಅತ್ತೆಯ ಬದಲು ಸೊಸೆ, ಅಣ್ಣನ ಬದಲು ತಮ್ಮ. ಸಂಬಳದ ಲಕೋಟೆಯ ಮೇಲಿನ ಹೆಸರನ್ನು ಯಾರೂ ಬದಲಿಸುತ್ತಿರಲಿಲ್ಲ. ಎರಡು ದಿನದ ಮಾತಿಗೆ ಯಾರು ಬದಲಿಸಿಕೊಂಡು ಕೂರುತ್ತಾರೆ? ಇದರಿಂದ ಯಾರ ಸಂಬಳವೂ ನಿಲ್ಲುತ್ತಿರಲಿಲ್ಲ, ರೋಲರೂ ನಿಲ್ಲುತ್ತಿರಲಿಲ್ಲ. ಒಳ್ಳೆಯ ರೂಢಿಯೆಂದೇ ಎಲ್ಲರೂ ತಿಳಿದಿದ್ದರು.

ರೋಲರಿನ ಎಡಗಡೆ ನಿಲ್ಲುತ್ತಿದ್ದವಳನ್ನು ಎಲ್ಲರೂ ದೊಡ್ಡವಳು ಎನ್ನುತ್ತಿದ್ದರು, ಮನೆಯಲ್ಲಿ ಅವಳಿಗೊಬ್ಬ ತಂಗಿ ಇದ್ದಳಾದ್ದರಿಂದ. ಒಂಬತ್ತು ವರ್ಷದ ಹಿಂದೆ ದೊಡ್ಡವಳಿಗೆ ಮೂತ್ರಪಿಂಡದ ಕಾಯಿಲೆ ಹಿಡಿಯಿತು. ರೂಢಿಯಂತೆ ಚಿಕ್ಕವಳು ಬಂದು ಆ ಜಾಗದಲ್ಲಿ ನಿಂತಳು. ವಾರ ಎಂದದ್ದು ತಿಂಗಳಾಯಿತು, ತಿಂಗಳು ವರ್ಷವಾಯಿತು. ದೊಡ್ಡವಳ ನಂಬರಿಗೆ ತೆರಿಗೆ ಬೀಳುತ್ತಿದ್ದರಷ್ಟೇ ಅವಳಿಗೆ ವಾರಕ್ಕೆರಡು ಸಲ ರಕ್ತ ಶುದ್ಧಿ ಮಾಡುವ ಚಿಕಿತ್ಸೆ ಬಿಟ್ಟಿ ಸಿಗುತ್ತಿತ್ತು, ನಿಂತರೆ ಅದೂ ನಿಲ್ಲುತ್ತಿತ್ತು. ಆದ್ದರಿಂದ ಚಿಕ್ಕವಳು ಅಕ್ಕನ ಹೆಸರಿನಲ್ಲಿ ದುಡಿದಳು, ಅಕ್ಕನ ಹೆಸರನ್ನೇ ಸಂಬಳದ ಪುಸ್ತಕದಲ್ಲಿ ಸಹಿ ಮಾಡಿದಳು. ಗಂಜಿಯಮ್ಮ ನೋಡಿಯೂ ನೋಡದಂತೆ ಇದ್ದಳು. ಅದು ತಾನು ಮಾಡಿದ ಪುಣ್ಯದ ಕೆಲಸ ಎಂದು ಅವಳಿಗೆ ಅನ್ನಿಸಿತ್ತು. ಎರಡು ವರ್ಷದ ಮಟ್ಟಿಗೆ ಅದು ಪುಣ್ಯವೇ ಆಗಿತ್ತು, ಇಲ್ಲವೆನ್ನಲಾಗದು.

ಎರಡು ವರ್ಷದ ನಂತರ ದೊಡ್ಡವಳು ತೀರಿಕೊಂಡಳು, ಒಬ್ಬ ಮಗಳನ್ನು ತಂಗಿಯ ಮಡಿಲಿಗೆ ಹಾಕಿ. ಆಗ ಕಚೇರಿಗೆ ಒಂದು ಕಾಗದ ಬರೆದು ಸತ್ತವಳ ಹೆಸರು ತೆಗೆಸಿ ಬದುಕಿದ್ದವಳ ಹೆಸರು ಸೇರಿಸಬೇಕಿತ್ತು. ಆದರೆ ಸತ್ತ ತಾರೀಕು ಕೊಟ್ಟರೆ, ಆಸ್ಪತ್ರೆಯಲ್ಲಿ ಮಲಗಿದ್ದವಳು ಅದೇ ಹೊತ್ತಿಗೆ ರೋಲರಿನ ಮುಂದೆ ಹೇಗೆ ನಿಂತಿದ್ದಳು ಎಂದು ಕೇಳುವುದಿಲ್ಲವೇ? ಬೇಲಿಯ ಮೇಲಿನ ಓತಿಯನ್ನು ಕಿವಿಯಲ್ಲಿ ಬಿಟ್ಟುಕೊಳ್ಳುವುದು ಯಾಕೆ ಎಂದು ಗಂಜಿಯಮ್ಮ ಸುಮ್ಮನಾದಳು. ಸಾವಿನ ಲೆಕ್ಕ ಇಡುವ ಕಚೇರಿ ಬೇರೆ, ತೆರಿಗೆಯ ಕಚೇರಿ ಬೇರೆ, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹೀಗೆ ಏಳು ವರ್ಷ ಕಳೆಯಿತು.

ಚಿಕ್ಕವಳ ಕೈ ರೋಲರಿಗೆ ಸಿಕ್ಕಿದ್ದು ಒಂದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಇನ್ನೂ ಹತ್ತು ನಿಮಿಷ ಇದ್ದಾಗ. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಹಾಸುಗಳಿಗೆ ಮೂಲೆಯಲ್ಲಿ ಲಾಡಿ ಇರುತ್ತದೆ. ಒಂದು ಲಾಡಿ ಅವಳ ಬಲಗೈ ಬೆರಳುಗಳಿಗೆ ಸುತ್ತಿಕೊಂಡಿತ್ತು. ಹಾಸು ಒಳಗೆ ಹೋಯಿತು, ಲಾಡಿ ಹೋಯಿತು, ಬೆರಳುಗಳು ಹೋದವು. ಬಾಯಿಯ ಮುಂದಿನ ತಡೆಪಟ್ಟಿಗೆ ಕೈ ತಗುಲಿ ಯಂತ್ರ ನಿಂತಿತು, ನಿಲ್ಲಬೇಕಾದ ಹಾಗೆಯೇ ನಿಂತಿತು. ಆದರೆ ನಿಂತ ರೋಲರು ಕಾದೇ ಇತ್ತು. ಬಾಯ್ಲರಿನವನು ಓಡಿಬಂದು ಹಿಡಿ ತಿರುಗಿಸಿ ಉರುಳೆಯನ್ನು ಎತ್ತುವವರೆಗೆ ಅವಳು ಅಲ್ಲಿಯೇ ನಿಂತಿರಬೇಕಾಯಿತು. ಗಂಜಿಯಮ್ಮ ಹಿಂದಿನಿಂದ ಅವಳನ್ನು ತಬ್ಬಿ ಹಿಡಿದಿದ್ದಳು. ಆ ವಾಸನೆ ಅವಳ ಮೂಗಿನಿಂದ ಇಂದಿಗೂ ಹೋಗಿಲ್ಲ.

ವ್ಯಾನಿನಲ್ಲಿ ಆಸ್ಪತ್ರೆಗೆ ಒಯ್ದವನು ಗಂಜಿಯಮ್ಮನ ಮೈದುನ. ಗಂಡನ ತಮ್ಮನಾದ ಅವನೇ ಲಾಂಡ್ರಿಯ ಬಟ್ಟೆ ತಂದು ಒಯ್ಯುವ ಕೆಲಸ ಮಾಡುತ್ತಿದ್ದ. ಕೌಂಟರಿನಲ್ಲಿ ನಂಬರು ಕೇಳಿದರು. ಅವನು ಪುಸ್ತಕದಲ್ಲಿದ್ದ ನಂಬರನ್ನೇ ಕೊಟ್ಟ, ಅವನಿಗೆ ಬೇರೆ ಯಾವುದು ಗೊತ್ತು? ಕೌಂಟರಿನ ಹೆಂಗಸು ಕಂಪ್ಯೂಟರನ್ನು ಎರಡು ಸಲ ನೋಡಿದಳು.

“ಈ ನಂಬರಿನವರು ತೀರಿಹೋಗಿ ಏಳು ವರ್ಷ ಆಯ್ತಲ್ಲ. ನಮ್ಮ ಆಸ್ಪತ್ರೆಯಲ್ಲೇ ತೀರಿಹೋಗಿದ್ದಾರೆ.”

ಕಚೇರಿಗಳು ಆ ವರ್ಷವಷ್ಟೇ ಒಂದರ ಮುಖ ಒಂದು ನೋಡತೊಡಗಿದ್ದವು. ಒಂದು ವಾರದಲ್ಲಿ ಗಂಜಿಯಮ್ಮನಿಗೆ ಕಾಗದ ಬಂತು. ಈ ನಂಬರಿನಲ್ಲಿ ಏಳು ವರ್ಷದಿಂದ ದುಡಿಯುತ್ತಿರುವುದು ಯಾರು ಎಂದು ಇಂಥ ದಿನ ಬಂದು ವಿವರಿಸತಕ್ಕದ್ದು, ಗಾಯಾಳುವೂ ಜೊತೆಗೆ ಬರತಕ್ಕದ್ದು ಎಂದು ಅದರಲ್ಲಿತ್ತು.

ಗಂಜಿಯಮ್ಮ ಕಾಗದ ಹಿಡಿದುಕೊಂಡು ಲೆಕ್ಕಿಗನ ಬಳಿಗೆ ಹೋದಳು. ಸುತ್ತಲಿನ ಸಣ್ಣ ಅಂಗಡಿಗಳವರಿಗೆಲ್ಲ ತೆರಿಗೆಯ ಫಾರಂ ತುಂಬಿಕೊಡುವ ಮುದುಕ ಅವನು. ಮಹಡಿಯ ಮೇಲಿನ ಕೋಣೆಯಲ್ಲಿ ಕಾಗದದ ಕಂತೆಗಳ ನಡುವೆ ಕೂತಿದ್ದ. ಓದಿ ಮುಗಿಸಿ ಕನ್ನಡಕ ತೆಗೆದಿಟ್ಟ.

“ದಾರಿ ಮೂರಿದೆಯಮ್ಮ. ಒಂದೂ ಚೆನ್ನಾಗಿಲ್ಲ.”

“ಹೇಳಿ.”

“ಒಂದು, ಆಯಮ್ಮ ನಮ್ಮ ಕೆಲಸದವಳೇ ಅಲ್ಲ, ಅವತ್ತು ಯಾರನ್ನೋ ನೋಡೋಕೆ ಬಂದಿದ್ಲು, ಸತ್ತೋಳ ಹೆಸರು ಮರೆತು ಉಳಿದುಹೋಗಿದೆ ಅಂತ ಬರೆದುಕೊಡೋದು. ಸಣ್ಣ ದಂಡ. ಲಾಂಡ್ರಿ ಉಳಿಯುತ್ತೆ.”

“ಅವಳ ಕೈ?”

“ಅವಳ ಕೈ ಅವಳದ್ದು. ಒಂದು ಕಾಸೂ ಸಿಗಲ್ಲ. ಎರಡನೇದು, ಇದ್ದದ್ದು ಇದ್ದ ಹಾಗೆ ಹೇಳೋದು. ಇಬ್ಬರೂ ಸೇರಿ ಮಾಡಿದ್ವಿ ಅಂತ. ಆಗ ನೀವೂ ಕಳ್ಳರು, ಅವಳೂ ಕಳ್ಳಿ. ಗೊತ್ತಿದ್ದೂ ಸುಳ್ಳು ಹೆಸರಲ್ಲಿ ದುಡಿದೋರಿಗೆ ಪಿಂಚಣಿ ಇಲ್ಲ, ಹಾಗಂತ ಕಾನೂನಲ್ಲೇ ಇದೆ.”

“ಮೂರನೇದು?”

ಮುದುಕ ಕಾಗದವನ್ನು ಮಡಚಿ ಅವಳ ಕಡೆ ಸರಿಸಿದ. “ನೀವು ಬಲವಂತ ಮಾಡಿದ್ರಿ ಅನ್ನೋದು. ಅವಳು ಬೇಡ ಅಂದ್ರೂ ಕೆಲಸ ತೆಗೀತೀನಿ ಅಂತ ಹೆದರಿಸಿ ಸಹಿ ಹಾಕಿಸಿಕೊಂಡ್ರಿ ಅನ್ನೋದು. ಆಗ ಅವಳಿಗೆ ಪೂರ್ತಿ ಪಿಂಚಣಿ, ಸಾಯೋ ತನಕ. ನಿಮಗೆ ಒಂಬತ್ತು ವರ್ಷದ್ದು ಮತ್ತೆ ಮೊದಲಿಂದ ಕಟ್ಟಬೇಕು, ಮೇಲೆ ಅದರ ಎರಡರಷ್ಟು ದಂಡ. ಸತ್ತೋಳ ನಂಬರಿಗೆ ಕಟ್ಟಿದ್ದು ವಾಪಸ್ಸು ಬರಲ್ಲ. ಯಂತ್ರ ಎಲ್ಲಾ ಮಾರಿದ್ರೂ ಸಾಲಲ್ಲ ಅನ್ಸುತ್ತೆ.”

ಮೈದುನನಿಗೆ ಇದನ್ನು ಹೇಳಿದಾಗ ಅವನು ವ್ಯಾನಿನ ಬಾಗಿಲಿಗೆ ಒರಗಿ ನೆಲ ನೋಡುತ್ತ ಕೇಳಿದ.

“ಅತ್ತಿಗೆ, ಒಳಗೆ ಏಳು ಜನ ಇದ್ದಾರೆ. ನಾನೂ ಇದ್ದೀನಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತೆ. ಮೊದಲನೇ ದಾರಿ ಹಿಡೀರಿ. ಅವಳನ್ನ ನಾವೇನು ಬೀದೀಲಿ ಬಿಡ್ತೀವಾ? ತಿಂಗಳು ತಿಂಗಳು ಕೈಲಾದ್ದು ಕೊಟ್ಟರಾಯ್ತು.”

“ಎಷ್ಟು ತಿಂಗಳು ಕೊಡ್ತೀಯ?”

ಅವನು ವ್ಯಾನಿನ ಬಾಗಿಲು ತೆಗೆದು ಬಟ್ಟೆಯ ಗಂಟು ಇಳಿಸತೊಡಗಿದ. ಅವನದು ತಪ್ಪು ಮಾತು ಎಂದು ಗಂಜಿಯಮ್ಮನಿಗೆ ಅನ್ನಿಸಲಿಲ್ಲ, ಅದೇ ಕಷ್ಟ. ಏಳು ಜನರ ಏಳು ಮನೆಗಳು ಅವಳಿಗೆ ಗೊತ್ತಿದ್ದವು. ಡ್ರಮ್ಮಿನವಳ ಗಂಡ ಮಂಚ ಬಿಟ್ಟು ಏಳುವುದಿಲ್ಲ. ಮಡಚುವ ಮೇಜಿನವಳು ಮೊನ್ನೆಯಷ್ಟೇ ಮಗಳ ಓದಿಗೆ ಸಾಲ ಮಾಡಿದ್ದಾಳೆ. ಬಾಯ್ಲರಿನವನಿಗೆ ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ? ಅತ್ತ ದರಿ ಇತ್ತ ಪುಲಿ ಎಂದರೆ ಇದೇ. ಎರಡು ದಿನ ಅವಳು ಶೆಡ್ಡಿನಲ್ಲಿ ಯಾರ ಮುಖವನ್ನೂ ನೇರ ನೋಡಲಿಲ್ಲ. ರೋಲರಿನ ಎಡಗಡೆ ತಾನೇ ನಿಂತು ಹಾಸು ಕೊಟ್ಟಳು.

ಮೂರನೆಯ ದಿನ ಆಸ್ಪತ್ರೆಗೆ ಹೋದಳು. ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಮಂಚ. ನರ್ಸು ಕೈಯ ಕಟ್ಟು ಬಿಚ್ಚುತ್ತಿದ್ದಳು. ಗಂಜಿಯಮ್ಮ ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ. ಹೆಬ್ಬೆರಳು ಉಳಿದಿತ್ತು. ಮಿಕ್ಕ ನಾಲ್ಕೂ ಇರಲಿಲ್ಲ. ಅಂಗೈ ಇದ್ದ ಕಡೆ ಅಂಗೈ ಎನ್ನುವಂಥದ್ದೇನೂ ಇರಲಿಲ್ಲ. ಚಿಕ್ಕವಳು ಮುಖವನ್ನು ಗೋಡೆಗೆ ತಿರುಗಿಸಿಕೊಂಡು, ಇನ್ನೊಂದು ಕೈಯಿಂದ ಹಾಸನ್ನು ಹಿಡಿದುಕೊಂಡಿದ್ದಳು. ಆ ಹಾಸು ಅವರದೇ ಲಾಂಡ್ರಿಯದು, ನಟ್ಟನಡುವೆ ಮಡಿಕೆಯ ಗೆರೆ ಇತ್ತು. ಬಹುಶಃ ಅವಳೇ ರೋಲರಿಗೆ ಕೊಟ್ಟದ್ದಿರಬೇಕು. ಗಂಜಿಯಮ್ಮನಿಗೆ ಅಲ್ಲಿಯೇ ನಿರ್ಧಾರವಾಯಿತು. ನರ್ಸು ಹೋದ ಮೇಲೆ ಸ್ಟೂಲು ಎಳೆದುಕೊಂಡು ಕೂತಳು.

“ನೀನು ಹೇಳಬೇಕಾದ್ದು ಇಷ್ಟೇ. ಯಜಮಾನಿ ಇಲ್ಲಿ ಸಹಿ ಹಾಕು ಅಂದ್ಲು, ಹಾಕಿದೆ. ಹಾಕದಿದ್ರೆ ಕೆಲಸ ಇಲ್ಲ ಅಂದ್ಲು, ಹೆದರಿ ಹಾಕಿದೆ. ತಿಳೀತಾ?”

“ನೀವು ಹಾಗೆ ಅಂದಿರಲಿಲ್ವಲ್ಲಮ್ಮ.”

“ಅಂದಿರಲಿಲ್ಲ. ಈಗ ಅಂದಿದ್ದೆ ಅಂತ ಇಟ್ಕೋ.”

“ಲಾಂಡ್ರಿ?”

“ಅದರ ಚಿಂತೆ ನಿನಗ್ಯಾಕೆ.”

“ಅಲ್ಲಿ ಏಳು ಜನ ಇದ್ದಾರೆ.”

“ಎಣಿಸೋಕೆ ನನಗೂ ಬರುತ್ತೆ.”

ಚಿಕ್ಕವಳು ಮುಖವನ್ನು ಕಿಟಕಿಯ ಕಡೆ ಹೊರಳಿಸಿದಳು. ಕಣ್ಣು ಮುಚ್ಚಿಕೊಂಡಳು. ಕಣ್ಣೀರು ಬಂದೀತು, ಕೈ ಹಿಡಿದಾಳು ಎಂದು ಗಂಜಿಯಮ್ಮ ಸ್ವಲ್ಪ ಹೊತ್ತು ಕಾದಳು. ಅಂಥದ್ದೇನೂ ಆಗಲಿಲ್ಲ. ಔಷಧದ ಮಂಪರು ಇರಬೇಕು ಎಂದುಕೊಂಡು ಎದ್ದು ಬಂದಳು.

ಅಲ್ಲಿಂದ ಬರುವಾಗ ಅವಳ ಎದೆ ಹಗುರಾಗಿತ್ತು. ಹೇಳಹೊರಟ ಮೇಲೆ ಎಲ್ಲ ಹೇಳಬೇಕು: ಅವಳಿಗೆ ತನ್ನ ಬಗ್ಗೆ ತನಗೇ ಅಭಿಮಾನ ಬಂದಿತ್ತು. ಮನೆಮಠ ಹೋದರೂ ಒಬ್ಬಳ ಬಾಳಿಗೆ ದಾರಿ ಮಾಡಿಕೊಡುತ್ತಿದ್ದೇನೆ, ಮಾಡದ ಪಾಪವನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೇನೆ, ಇದನ್ನು ಯಾರು ತಾನೇ ಮಾಡಿಯಾರು ಎಂದುಕೊಂಡಳು. ಹುಟ್ಟಿದಾಗಿನಿಂದ ಹೇಳಿದ ಸುಳ್ಳುಗಳನ್ನು ಬೆರಳು ಮಡಿಚಿ ಎಣಿಸಬಹುದು, ಈ ಒಂದು ಸುಳ್ಳಿಗೆ ಮೇಲಿರುವವನೂ ಕಣ್ಣು ಮುಚ್ಚಿಕೊಳ್ಳುತ್ತಾನೆ ಎಂದು ಧೈರ್ಯ ತಂದುಕೊಂಡಳು.

ವಿಚಾರಣೆ ನಡೆದದ್ದು ತೆರಿಗೆ ಕಚೇರಿಯ ಎರಡನೆಯ ಮಹಡಿಯಲ್ಲಿ. ಹನ್ನೊಂದು ವರ್ಷ ಕೆಳಗಿನ ಕಿಟಕಿಯಿಂದಲೇ ಮರಳಿದ್ದ ಗಂಜಿಯಮ್ಮ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಕೋಣೆ ಚಿಕ್ಕದು, ಒಂದು ಮೇಜು, ನಾಲ್ಕು ಕುರ್ಚಿ, ಗೋಡೆಗೆ ಒರಗಿದ ಕಬ್ಬಿಣದ ಬೀರು. ಅಧಿಕಾರಿ ನಲವತ್ತರ ಹೆಂಗಸು. ನೆಗಡಿಯಾಗಿತ್ತು, ಕರವಸ್ತ್ರ ಕೈಯಲ್ಲೇ ಇತ್ತು. ಪಕ್ಕದಲ್ಲಿ ಗುಮಾಸ್ತ ಹೇಳಿಕೆಯನ್ನು ಟೈಪು ಮಾಡುತ್ತಿದ್ದ. ಚಿಕ್ಕವಳು ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು.

ಗಂಜಿಯಮ್ಮ ತನ್ನ ಪಾಲಿನದನ್ನು ತಡವರಿಸದೆ ಹೇಳಿದಳು. ಬಲವಂತ ಮಾಡಿದ್ದು ನಾನು, ಹೆದರಿಸಿದ್ದು ನಾನು, ಇವಳಿಗೆ ಕಾನೂನು ಗೊತ್ತಿರಲಿಲ್ಲ. ಅಧಿಕಾರಿ ಚಿಕ್ಕವಳ ಕಡೆ ತಿರುಗಿದಳು.

“ಇವರು ಹೇಳಿದ್ದು ನಿಜಾನಾ? ನಿಮ್ಮನ್ನ ಹೆದರಿಸಿದ್ರಾ?”

“ಹೂಂ.”

“ಬಾಯಿಬಿಟ್ಟು ಹೇಳಿ.”

“ಸಹಿ ಹಾಕದಿದ್ರೆ ಕೆಲಸ ಇಲ್ಲ ಅಂದ್ರು. ಹಾಕಿದೆ.”

ಗುಮಾಸ್ತ ಟೈಪು ಮಾಡಿದ. ಇಲ್ಲಿಗೆ ಹೇಳಿಕೊಟ್ಟಿದ್ದು ಮುಗಿದಿತ್ತು. ಆದರೆ ಅಧಿಕಾರಿ ಮೂಗು ಒರೆಸಿಕೊಂಡು ಇನ್ನೊಂದು ಕೇಳಿದಳು.

“ಒಂಬತ್ತು ವರ್ಷ ಅಂದ್ರೆ ಸಣ್ಣ ಅವಧಿ ಅಲ್ಲ. ನನ್ನ ಹೆಸರು ಸೇರಿಸಿ ಅಂತ ನೀವಾಗಿ ಯಾವತ್ತಾದ್ರೂ ಕೇಳಿದ್ದೀರಾ? ಕೇಳಿಲ್ಲ ಅಂದ್ರೆ ನೀವೂ ಒಪ್ಪಿಕೊಂಡೇ ಇದ್ರಿ ಅಂತ ಬರೆಯಬೇಕಾಗುತ್ತೆ.”

ಗಂಜಿಯಮ್ಮ ಚಿಕ್ಕವಳ ಕಡೆ ತಿರುಗಿದಳು. ಇದನ್ನು ಲೆಕ್ಕಿಗ ಹೇಳಿರಲಿಲ್ಲ, ಅವಳಿಗೂ ಹೊಳೆದಿರಲಿಲ್ಲ. ಇವಳು ಪೆಚ್ಚಾಗಿ ಇಲ್ಲ ಎಂದುಬಿಟ್ಟರೆ ಕೈಗೆ ಬಂದ ತುತ್ತು ಬಾಯಿಗಿಲ್ಲ. ಹೂಂ ಅನ್ನೇ, ಸುಳ್ಳಾದರೂ ಸರಿ ಹೂಂ ಅನ್ನೇ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು, ಅಧಿಕಾರಿಗೆ ಕಾಣದಂತೆ ತಲೆಯನ್ನೂ ಸ್ವಲ್ಪ ಆಡಿಸಿದಳು.

ಚಿಕ್ಕವಳು ಅವಳ ಕಡೆ ನೋಡಲೇ ಇಲ್ಲ.

“ಕೇಳಿದ್ದೆ. ಮೂರು ಸಲ.”

ಭಲೆ ಹುಡುಗಿ, ಎಂದುಕೊಂಡಳು ಗಂಜಿಯಮ್ಮ. ಎಷ್ಟು ಚೆನ್ನಾಗಿ ಹೆಣೆದಳು.

“ಯಾವಾಗ ಯಾವಾಗ?” ಎಂದಳು ಅಧಿಕಾರಿ.

“ನಮ್ಮಕ್ಕ ಹೋದ ಮುಂದಿನ ತಿಂಗಳು ಒಂದು ಸಲ. ಸಂಬಳ ಕೊಡುವಾಗ. ಈಗ ನನ್ನ ಹೆಸರಿಗೆ ಮಾಡಿಕೊಡಿ ಅಮ್ಮ ಅಂದೆ. ಈ ಮೂರು ತಿಂಗಳ ಪಟ್ಟಿ ಹೋಗಿಬಿಡಲಿ, ಮುಂದಿನ ಸಲ ನೋಡೋಣ ಅಂದ್ರು.”

ಗಂಜಿಯಮ್ಮನ ಮುಖದ ಮೇಲಿದ್ದ ಸಮಾಧಾನ ಅಲ್ಲಿಯೇ ನಿಂತುಬಿಟ್ಟಿತು. ಪಟ್ಟಿ ಹೋಗಿಬಿಡಲಿ. ಅದು ಅವಳದೇ ಮಾತು, ಅವಳ ಬಾಯಿಂದಲ್ಲದೆ ಬೇರೆ ಬಾಯಿಂದ ಬರುವ ಮಾತೇ ಅಲ್ಲ.

“ಎರಡನೇ ಸಲ, ಅಕ್ಕನ ಮಗಳನ್ನ ಸ್ಕೂಲಿಗೆ ಸೇರಿಸುವಾಗ. ನಾನು ದುಡೀತೀನಿ ಅಂತ ಕಾಗದ ಬೇಕಾಗಿತ್ತು. ಹೆಸರೇ ಸೇರಿಸಿಬಿಡಿ, ಎಲ್ಲದಕ್ಕೂ ಆಗುತ್ತೆ ಅಂದೆ. ಅದೆಲ್ಲಾ ಯಾಕೆ, ನಾನೇ ಒಂದು ಕಾಗದ ಬರೆದುಕೊಡ್ತೀನಿ ಅಂತ ಬರೆದುಕೊಟ್ರು. ಸ್ಕೂಲಿನವರು ಒಪ್ಪಿದ್ರು, ಅದೇನೂ ತೊಂದರೆ ಆಗಲಿಲ್ಲ.”

ಬರೆದುಕೊಟ್ಟದ್ದು ಗಂಜಿಯಮ್ಮನಿಗೆ ಚೆನ್ನಾಗಿ ನೆನಪಿತ್ತು. ಉಪಕಾರ ಮಾಡಿದೆ ಎಂದು ನಾಲ್ಕು ಜನರಿಗೆ ಹೇಳಿಯೂ ಇದ್ದಳು.

“ಮೂರನೇ ಸಲ ಹೊಸ ಬಾಯ್ಲರ್ ಬಂದ ವರ್ಷ. ನಲ್ಲಿ ಹತ್ರ ಕೈ ತೊಳೀತಾ ಇದ್ವಿ. ನನಗೂ ವಯಸ್ಸಾಗ್ತಾ ಬಂತು, ಮುಂದಕ್ಕೆ ಬೇಕಾಗುತ್ತೆ ಅಂದೆ. ಹೊಸಬರ ಹೆಸರು ಸೇರಿಸಿದ್ರೆ ಮೊದಲ ಮೂರು ವರ್ಷ ಯಜಮಾನರ ಪಾಲು ಎರಡರಷ್ಟು ಕಟ್ಟಬೇಕಂತೆ. ಬಾಯ್ಲರಿನ ಸಾಲ ತೀರಲಿ, ಆಮೇಲೆ ಮಾಡೋಣ ಅಂದ್ರು. ಅದಕ್ಕಿಂತ ಹೆಚ್ಚು ಕೇಳೋದು ಹೇಗೆ? ಕೇಳಿದ್ರೆ ಕೆಲಸಕ್ಕೆ ಸಂಚಕಾರ ಅಂತ ಸುಮ್ಮನಾದೆ.”

ಗಂಜಿಯಮ್ಮ ಮೇಜಿನ ಅಂಚನ್ನು ನೋಡುತ್ತ ಕೂತಳು. ಬಾಯ್ಲರಿನ ಸಾಲ ತೀರಿ ಎರಡು ವರ್ಷವಾಗಿತ್ತು. ದೊಡ್ಡವಳ ಚಿಕಿತ್ಸೆ ನಿಂತು ಏಳು ವರ್ಷವಾಗಿತ್ತು. ಪುಣ್ಯ ಎಂದುಕೊಂಡದ್ದು ಎರಡೇ ವರ್ಷದ ಮಾತು, ಮಿಕ್ಕ ಏಳು ವರ್ಷ ಅವಳನ್ನು ಸುಮ್ಮನಿರಿಸಿದ್ದು ದುಡ್ಡಿನ ಆಸೆ ಮತ್ತು ಅಂಜಿಕೆ. ಸುಳ್ಳು ಹೇಳಿ ಒಬ್ಬಳನ್ನು ಉಳಿಸುತ್ತೇನೆ ಎಂದು ಇಲ್ಲಿಯವರೆಗೆ ಮೆಟ್ಟಿಲು ಹತ್ತಿ ಬಂದಿದ್ದಳು. ತಾನು ಹೇಳಿದ್ದರಲ್ಲಿ ಸುಳ್ಳೇ ಇರಲಿಲ್ಲ. ಕೆಲಸ ತೆಗೀತೀನಿ ಎಂದು ಬಾಯಿಬಿಟ್ಟು ಹೆದರಿಸಿರಲಿಲ್ಲ ಅಷ್ಟೇ. ಹೆದರಿಸುವ ಅಗತ್ಯವೇ ಬಿದ್ದಿರಲಿಲ್ಲ.

“ಇದಕ್ಕೆ ನಿಮ್ಮ ತಕರಾರು ಏನಾದ್ರೂ ಇದೆಯಾ?” ಅಧಿಕಾರಿ ಕೇಳಿದಳು.

“ಇಲ್ಲ.”

“ಮೂರು ಸಲ ಕೇಳಿದ್ದು ಒಪ್ಕೋತೀರಾ?”

“ಒಪ್ಕೋತೀನಿ.”

ಗುಮಾಸ್ತ ಹಾಳೆ ಹೊರಗೆ ತೆಗೆದು ಇಬ್ಬರ ಮುಂದೆಯೂ ಇಟ್ಟ. ಚಿಕ್ಕವಳು ಎಡಗೈಯಲ್ಲಿ ಪೆನ್ನು ಹಿಡಿದು ತನ್ನ ಹೆಸರು ಬರೆಯಲು ನೋಡಿದಳು, ಆಗಲಿಲ್ಲ. ಗುಮಾಸ್ತ ಶಾಯಿಯ ಡಬ್ಬಿ ಕೊಟ್ಟ, ಎಡಗೈ ಹೆಬ್ಬೆಟ್ಟು ಒತ್ತಿದಳು. ಪಿಂಚಣಿಯ ಆದೇಶ ತಿಂಗಳೊಳಗೆ ಬರುತ್ತದೆ ಎಂದಳು ಅಧಿಕಾರಿ. ಗುರುವಾರ ಲಾಂಡ್ರಿಗೆ ಜನ ಬರುತ್ತಾರೆ, ಬಾಗಿಲು ಹಾಕುವ ಮುಂಚೆ ಗಿರಾಕಿಗಳ ಬಟ್ಟೆ ಹಿಂತಿರುಗಿಸಿಬಿಡಿ ಎಂದೂ ಹೇಳಿದಳು. ಕೆಟ್ಟ ಹೆಂಗಸಲ್ಲ, ದನಿಯಲ್ಲಿ ಕರುಣೆಯೂ ಇತ್ತು.

ಹೊರಗೆ ಉದ್ದನೆಯ ಓಣಿಯಲ್ಲಿ ಬೆಂಚು ಇತ್ತು. ಚಿಕ್ಕವಳಿಗೆ ತಲೆ ಸುತ್ತಿದಂತಾಗಿ ಕೂತಳು. ಗಂಜಿಯಮ್ಮ ಕೂಜದಿಂದ ನೀರು ತಂದು ಕುಡಿಸಿದಳು. ಕೆಳಗೆ ರಸ್ತೆಯಲ್ಲಿ ಮೈದುನ ವ್ಯಾನಿನ ಪಕ್ಕ ನಿಂತಿದ್ದ. ಗುರುವಾರದ ಸುದ್ದಿ ಅವನಿಗೆ ಇನ್ನು ಹೇಳಬೇಕಾಗಿತ್ತು. ಏಳು ಜನರಿಗೆ ಹೇಳಬೇಕಾಗಿತ್ತು.

“ಕೋಪ ಬಂತಾ ಅಮ್ಮ?” ಎಂದಳು ಚಿಕ್ಕವಳು.

“ಇಲ್ಲ.”

“ನೀವು ಹೇಳಿಕೊಟ್ಟಷ್ಟೇ ಹೇಳೋಣ ಅಂತಿದ್ದೆ. ಅವರು ಕೇಳಿದಾಗ ಬಾಯಿಗೆ ಬಂದುಬಿಡ್ತು.”

“ನಿಜಾನೇ ತಾನೆ ಹೇಳಿದ್ದು.”

ಚಿಕ್ಕವಳು ಲೋಟ ಕೆಳಗಿಟ್ಟು ಕಟ್ಟಿನ ಅಂಚನ್ನು ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು.

“ನಾಲ್ಕು ಸಲ ಕೇಳಿದ್ದೆ ಅಮ್ಮ. ಹೋದ ವರ್ಷ ಒಂದು ದಿನ, ನೀವು ಯಾರೋ ಗಿರಾಕಿ ಜೊತೆ ಫೋನಲ್ಲಿ ಮಾತಾಡ್ತಿದ್ರಿ, ಬಾಗಿಲಲ್ಲಿ ನಿಂತು ಕೇಳಿದೆ. ನೀವು ಕೈ ಅಡ್ಡ ಆಡಿಸಿದ್ರಿ. ನಿಮಗೆ ಕೇಳಿಸಿರಲಿಕ್ಕಿಲ್ಲ ಅಂತ ಅದನ್ನ ಒಳಗೆ ಹೇಳಲಿಲ್ಲ. ಸುಮ್ಮನೆ ನಿಮ್ಮ ಮೇಲೆ ಹಾಕಿದ ಹಾಗಾಗುತ್ತೆ.”

ಗಂಜಿಯಮ್ಮನಿಗೆ ಆವತ್ತು ಅದೂ ಕೇಳಿಸಿತ್ತು. ಲೋಟ ಎತ್ತಿಕೊಂಡು ತೊಳೆದಿಡಲು ಕೂಜದ ಬಳಿಗೆ ಹೋದಳು.